ಮೂರನೆಯ ಟರ್ಮಿನಲ್

ನಮ್ಮ ಸರ್ ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ದೇವದುರ್ಗದ ಕಡೆಯ ತಮ್ಮ ಊರು ಜಾಲಹಳ್ಳಿಯ ಹತ್ತಿರ ಕಲ್ಲು ಒಡೆಯುವಾಗ ಸುತ್ತಿಗೆ ಬಿದ್ದು ಹೋಗಿತ್ತಂತೆ. ಕೀಬೋರ್ಡಿನ ಮೇಲೆ ಆ ಬೆರಳನ್ನು ಮಾತ್ರ ಮೆಲ್ಲಗೆ ಇಡುತ್ತಿದ್ದರು.

ಎಂಬತ್ತರ ದಶಕದ ಕೊನೆ. ರಾಯಚೂರಿನ ನಮ್ಮ ಕಾಲೇಜಿನಲ್ಲಿ ಒಂದೇ ಕಂಪ್ಯೂಟರ್, ಅದಕ್ಕೆ ಮೂರು ಟರ್ಮಿನಲ್, ಅಂದರೆ ಮೂವರು ಕೂತು ಕೆಲಸ ಮಾಡುವಂತೆ ಮೂರು ಪರದೆ, ಮೂರು ಕೀಬೋರ್ಡು. ಮಾನ್ವಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಾನು ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಒಂದು ಪ್ರೋಗ್ರಾಂ ಬರೆದಿದ್ದೆ. ಮೂರೂ ಟರ್ಮಿನಲ್‌ಗಳಿಂದ ಬಿಡಿಬಿಡಿ ಸಂದೇಶಗಳು ಮುದ್ರಿಸುವ ಪ್ರೋಗ್ರಾಮಿಗೆ ಹೋಗಬೇಕು. ಪ್ರಿಂಟರ್ ನಿಧಾನ. ಸಂದೇಶಗಳ ಸರದಿ ತುಂಬಿದರೆ ಕರ್ನಲ್, ಅಂದರೆ ಯಂತ್ರದೊಳಗಿನ ಮೂಲ ವ್ಯವಸ್ಥೆ, ಕಳಿಸುವವರನ್ನು ಮಲಗಿಸುತ್ತದೆ, ಎಂದರೆ ಅವರ ಕೆಲಸವನ್ನು ತಡೆದು ನಿಲ್ಲಿಸುತ್ತದೆ. ಜಾಗ ಆದಾಗ ಎಬ್ಬಿಸಬೇಕು. ನಾನೊಬ್ಬಳೇ ಕೂತರೆ ಎಲ್ಲ ಸರಿ. ಮೂವರು ಕೂತರೆ ಒಂದು ಟರ್ಮಿನಲ್ ನಿಂತೇಬಿಡುತ್ತಿತ್ತು.

ಪರೀಕ್ಷಕರು ಬರಲು ಒಂದು ವಾರ ಉಳಿದಿತ್ತು. ಒಂದೇ ಟರ್ಮಿನಲ್‌ನಲ್ಲಿ ತೋರಿಸಿ ಮುಗಿಸಿಬಿಡುತ್ತೇನೆ ಎಂದೆ. ಸರ್ ಬೈಯಲಿಲ್ಲ.

“ಮೂರು ಮಂದಿ ಕುಂತಾಗ ನಿಲ್ತದ ಅಂದ್ರ, ಅದು ನಡಿಯಂಗಿಲ್ಲ ಅಂತನ ಅರ್ಥ, ತಂಗಿ.”

ಕರ್ನಲ್‌ನ ಕೋಡ್ ಮುದ್ರಿಸಿದ ಹಾಳೆಗಳ ಕಟ್ಟನ್ನು ನನ್ನ ಮುಂದಿಟ್ಟು, ತಾವು ಎದುರಿನ ಬೆಂಚಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತರು. ನಾಲ್ಕು ದಿನ ಓದಿದೆ. ಐದನೆಯ ದಿನ ತಪ್ಪು ಸಿಕ್ಕಿತು. ತುಂಬಿದ ಸರದಿಯಲ್ಲಿ ಮೊದಲ ಜಾಗ ಆದಾಗ ಕರ್ನಲ್ ಒಬ್ಬರನ್ನು ಮಾತ್ರ ಎಬ್ಬಿಸುತ್ತಿತ್ತು. ಆಮೇಲೆ ಸರದಿ ಪೂರಾ ಖಾಲಿಯಾದರೂ ಉಳಿದವರು ಮಲಗಿಯೇ ಇರುತ್ತಿದ್ದರು.

ತೋರಿಸಲು ಹೋದಾಗ ಸರ್ ಅವರ ನೋಟ್‌ಬುಕ್ಕಿನಲ್ಲಿ ಕೋಡಿನ ಅದೇ ತಪ್ಪು ಸಾಲು ಬರೆದಿಟ್ಟದ್ದು ಕಂಡಿತು, ಪಕ್ಕದಲ್ಲಿ ಹಿಂದಿನ ವಾರದ ತಾರೀಖು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರ ಅದು ನಂದಾಗತಿತ್ತು,” ಅಂದರು.

ಎಲ್ಲರನ್ನೂ ಎಬ್ಬಿಸಲಿ, ಜಾಗ ಸಿಗದವರು ಮತ್ತೆ ಮಲಗಲಿ ಎಂದು ತಿದ್ದಿದೆವು. ಪರೀಕ್ಷಕರ ಮುಂದೆ ಮೂರೂ ನಡೆದವು. ತಪ್ಪು ಹಿಡಿದದ್ದು ಈಕೆ ಎಂದು ಸರ್ ಹೇಳಿದರು, ಅಷ್ಟೇ. ಅದರಿಂದಲೇ ನನಗೆ ಕಾಲೇಜಿನ ಅದೇ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು.

ಮರುವರ್ಷ ಸರ್ ಕಾಮಾಲೆಯಿಂದ ತೀರಿಕೊಂಡರು. ದೇವದುರ್ಗದ ಬಸ್ಸು ಹಿಡಿದು, ಅಲ್ಲಿಂದ ಜಾಲಹಳ್ಳಿಗೆ ಹೋದೆ. ಅಳು ಬರಲಿಲ್ಲ. ದಾರಿಯುದ್ದಕ್ಕೂ ಟಿಕೆಟ್ಟನ್ನು ಮಡಿಸುತ್ತ ಬಿಡಿಸುತ್ತ ಕೂತಿದ್ದೆ. ಅವರ ತಾಯಿ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ತಮ್ಮ ಮಗ ರಾಯಚೂರಿನಲ್ಲಿ ಏನು ಕೆಲಸ ಮಾಡುತ್ತಿದ್ದ ಎಂದು ಕೇಳಿದರು. ಅವನು ಎಷ್ಟೋ ಸಲ ಹೇಳಿದ್ದನಂತೆ, ಆಕೆಗೆ ತಿಳಿದಿರಲಿಲ್ಲವಂತೆ.

“ಕಲಿಸ್ತಿದ್ರು, ಯವ್ವಾ,” ಎಂದೆ.

“ನಿನಗ ಬಂತೇನು?”

ಬಂತು ಎಂದೆ. ಆಕೆ ತಲೆಯಾಡಿಸಿ, ನನಗೆ ನೀರು ತರಲು ಒಳಗೆ ಹೋದರು.