‘ಇನ್ನೊಂದ್ಸಲ’ ಮೇಡಂ ಅವರ ಮಧ್ಯಾಹ್ನದ ಪಾಠ

ಶುಶ್ರೂಷಾ ಶಿಕ್ಷಣದಲ್ಲಿ ಶರೀರಶಾಸ್ತ್ರವನ್ನು ಬೋಧಿಸಿದವರು ಅನೇಕರಿದ್ದಾರೆ. ಆದರೆ ಆ ವಿಷಯದ ಹೆಸರು ಕೇಳಿದರೇ ಕೈಕಾಲು ತಣ್ಣಗಾಗುವ ಮಕ್ಕಳನ್ನು ಹುಡುಕಿ ಹುಡುಕಿ ಹತ್ತಿರ ಕೂರಿಸಿಕೊಂಡವರು ಈಗ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಮೇಡಂ ಒಬ್ಬರೇ. ಉತ್ತರ ಸರಿಯಿದ್ದರೂ ‘ಇನ್ನೊಂದ್ಸಲ ಹೇಳು’ ಎನ್ನುತ್ತಿದ್ದುದರಿಂದ ಮಕ್ಕಳು ಅವರಿಗೆ ‘ಇನ್ನೊಂದ್ಸಲ ಮೇಡಂ’ ಎಂದೇ ನಾಮಕರಣ ಮಾಡಿದ್ದರು. ಅದು ಅವರಿಗೂ ಗೊತ್ತಿತ್ತು, ಬಿಡಿ.

ಅವರ ದೀರ್ಘ ಸೇವೆಯನ್ನು ನೆನೆಯುವಾಗ ಟೈಲರಮ್ಮನ ಮಗಳ ಪ್ರಸಂಗವನ್ನು ಹೇಳದಿದ್ದರೆ ಈ ಲೇಖನಕ್ಕೆ ಜೀವವೇ ಇರದು. ತಾಯಿಯ ಅಂಗಡಿಯಲ್ಲಿ ಹೊಲಿಗೆ ಮಿಷಿನ್ ತುಳಿದು, ನರ್ಸ್ ಆಗಲೇಬೇಕೆಂದು ಹಟ ಹಿಡಿದು ಬಂದ ಹುಡುಗಿ ಅವಳು. ವಾರ್ಡಿನಲ್ಲಿ ಬಲು ಚುರುಕು. ಪುಸ್ತಕ ತೆರೆದರೆ ಮಾತ್ರ ಕಣ್ಣು ಕತ್ತಲೆ. ಮೊದಲ ವರ್ಷದ ಪರೀಕ್ಷೆಯಲ್ಲಿ ಹೃದಯದ ಚಿತ್ರವನ್ನು ಅಂದವಾಗಿ ಬರೆದಳು, ಆದರೆ ಬಲ ಎಡಗಳನ್ನು ಅದಲುಬದಲು ಮಾಡಿದಳು. ಆ ಹೃದಯ ಶುದ್ಧ ರಕ್ತವನ್ನು ಶ್ವಾಸಕೋಶಕ್ಕೂ ಅಶುದ್ಧ ರಕ್ತವನ್ನು ಮೈಗೆಲ್ಲಾ ಕಳಿಸುತ್ತಾ ಕೂತಿತ್ತು! ಫೇಲಾದಳು. ಮರುಪರೀಕ್ಷೆಯಲ್ಲೂ ಫೇಲಾದರೆ ಕಾಲೇಜು ಬಿಡಬೇಕೆಂಬುದು ನಿಯಮ.

“ಪಾಪ, ಸ್ವಲ್ಪ ಮಾರ್ಕ್ಸ್ ಹಾಕಿ ದಾಟಿಸಿಬಿಡಿ ಮೇಡಂ” ಎಂದು ಸಹೋದ್ಯೋಗಿಗಳಾದ ನಾವೆಲ್ಲ ಸ್ಟಾಫ್ ರೂಮಿನಲ್ಲಿ ಗೋಗರೆದೆವು.

“ಇವಳನ್ನ ಪಾಪ ಅಂತ ದಾಟಿಸಿದ್ರೆ, ನಾಳೆ ಇವಳ ಕೈಗೆ ಸಿಗೋ ರೋಗೀನ ಪಾಪ ಅನ್ನೋರು ಯಾರು?” ಎಂದರು ಮೇಡಂ.

ಈ ಮಾತು ಕಿವಿಗೆ ಬಿದ್ದ ಹುಡುಗಿ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಈ ಹೆಂಗಸಿಗೆ ಕರುಣೆಯೇ ಇಲ್ಲ ಎಂದುಕೊಂಡಳು. ಮರುದಿನ ಊಟದ ಬಿಡುವಿನಲ್ಲಿ ಮೇಡಂ ಅವಳನ್ನು ಪ್ರಯೋಗಾಲಯಕ್ಕೆ ಕರೆಸಿದರು. ಮೂಳೆಗಳ ಕಪಾಟಿನ ಮುಂದೆ ತಮ್ಮ ಬಿಳಿ ಕೋಟು ತೊಟ್ಟು, ಅವಳಿಗೆ ಎದುರಾಗಿ ಕೈ ಚಾಚಿ ನಿಂತರು.

“ಇದು ಸಡಿಲ ಆಗಿದೆ ಕಣಮ್ಮಾ, ಅಳತೆ ತೊಗೋ. ಮೊದಲು ಬಲತೋಳು.”

ಟೇಪು ಹಿಡಿದ ಹುಡುಗಿ ತಡವರಿಸದೆ ಅವರ ಬಲತೋಳಿಗೇ ಕೈ ಹಾಕಿದಳು.

“ನಿನ್ನ ಬಲಗೈ ಆ ಕಡೆ ಇದೆಯಲ್ಲೇ? ಈ ಕಡೆ ಯಾಕೆ ಹಿಡಿದೆ?”

“ಅಯ್ಯೋ ಮೇಡಂ, ಹಾಕ್ಕೊಳ್ಳೋರು ನೀವಲ್ವಾ! ನಿಮ್ಮ ಬಲಾನೇ ನೋಡ್ಬೇಕು.”

“ಸರಿ. ಪುಸ್ತಕದಲ್ಲಿರೋ ಹೃದಯ ಯಾರದು?”

ಹುಡುಗಿ ಗೋಡೆಯ ಮೇಲಿನ ಹೃದಯದ ಚಿತ್ರವನ್ನು ನೋಡಿದಳು. ಆ ಚಿತ್ರದಲ್ಲೂ ತನಗೆ ಎದುರಾಗಿ ಒಬ್ಬ ಮನುಷ್ಯ ನಿಂತಿದ್ದಾನೆಂದು ಅವಳಿಗೆ ಆಗಲೇ ಮೊದಲು ಹೊಳೆದದ್ದು. “ಅವರ ಬಲ... ನಮ್ಮ ಎಡಗಡೆ ಬರುತ್ತೆ!” ಎಂದು ಕೂಗಿಯೇಬಿಟ್ಟಳು.

“ಇನ್ನೊಂದ್ಸಲ ಹೇಳು” ಎಂದರು ಮೇಡಂ.

ಅಷ್ಟಕ್ಕೇ ಎಲ್ಲ ಸಲೀಸಾಯಿತೆಂದು ಯಾರೂ ತಿಳಿಯಬಾರದು. ಮೂತ್ರಪಿಂಡ ಅವಳನ್ನು ಅಳಿಸಿತು, ಆಮ್ಲ ಕ್ಷಾರಗಳು ತಲೆ ತಿಂದವು. ಮರುಪರೀಕ್ಷೆಯವರೆಗೂ ಮೇಡಂ ತಮ್ಮ ಮಧ್ಯಾಹ್ನದ ಬಿಡುವನ್ನು ಅವಳಿಗೇ ಮೀಸಲಿಟ್ಟರು. ಬುತ್ತಿ ಎಷ್ಟೋ ದಿನ ಮುಚ್ಚಳ ತೆರೆಯದೆ ಮನೆಗೆ ಮರಳಿತು. ಕೊನೆಗೆ ಉತ್ತರಪತ್ರಿಕೆಯನ್ನು ತಾವು ಮುಟ್ಟದೆ ಬೇರೆಯವರಿಂದ ತಿದ್ದಿಸಿದರು.

ಫಲಿತಾಂಶದ ದಿನ, ಮಗಳು ಮತ್ತೆ ಫೇಲೇ ಎಂದುಕೊಂಡು ಟೈಲರಮ್ಮ ಆಟೋ ಮಾಡಿಕೊಂಡೇ ಬಂದಿದ್ದರು. ಮಗಳ ಹಾಸಿಗೆ ಸುತ್ತಿ ಹಾಸ್ಟೆಲಿನ ಬಾಗಿಲಿಗೆ ತಂದಿಟ್ಟಾಗಿತ್ತು. ಹುಡುಗಿ ತಲೆ ತಗ್ಗಿಸಿ ಅದರ ಪಕ್ಕ ನಿಂತಿದ್ದಳು. ಮೇಡಂ ಆಫೀಸಿನಿಂದ ನೇರ ಅಲ್ಲಿಗೇ ಬಂದರು.

“ಇವಳಿಗೆ ಓದು ಹತ್ತಲ್ಲ ಮೇಡಂ, ಸುಮ್ನೆ ನಿಮಗೂ ತೊಂದ್ರೆ. ಕರ್ಕೊಂಡು ಹೋಗ್ತೀನಿ” ಎಂದರು ತಾಯಿ.

ಮೇಡಂ ಬಗ್ಗಿ ಆ ಹಾಸಿಗೆ ಸುರುಳಿಯನ್ನು ತಾವೇ ಎತ್ತಿ ಒಳಗಿಟ್ಟರು. “ನೀವು ಹೋಗ್ಬನ್ನಿ ಅಮ್ಮಾ. ಪಾಸಾಗಿದ್ದಾಳೆ. ಇವಳು ನಮಗೆ ಬೇಕು.”

ಹುಟ್ಟಿದಾಗಿನಿಂದ ಓದಿನ ವಿಷಯದಲ್ಲಿ ಅಂಥದ್ದೊಂದು ಮಾತನ್ನು ಅವಳು ಕೇಳಿರಲಿಲ್ಲ. ಅಂದು ತಾಯಿ ಮಗಳಿಬ್ಬರೂ ಅಳುವುದನ್ನು ನೋಡಿ ಆಟೋದವನು ಬಾಡಿಗೆ ಕೇಳಲು ಹಿಂದೆಮುಂದೆ ನೋಡಿದನಂತೆ. ಇಂದು ಅವಳು ತುರ್ತು ಚಿಕಿತ್ಸಾ ವಿಭಾಗದ ಮುಖ್ಯ ಶುಶ್ರೂಷಕಿ.

ಮೇಡಂ ಅವರಿಗೆ ದೀರ್ಘಾಯುಷ್ಯ, ಗಟ್ಟಿ ಆರೋಗ್ಯ ದೊರೆಯಲಿ. ವಿಶ್ರಾಂತಿಯನ್ನೂ ಹಾರೈಸೋಣವೆಂದಿದ್ದೆವು, ಆದರೆ ಈ ವರ್ಷ ಶರೀರಶಾಸ್ತ್ರದಲ್ಲಿ ಫೇಲಾದ ಮಕ್ಕಳಿಗೆ ಅವರು ಆಗಲೇ ತಮ್ಮ ಮನೆಯ ದಾರಿ ಹೇಳಿಕೊಟ್ಟಿದ್ದಾರೆ.