ಹಿಂದೆ ನಿಂತಿದ್ದ ಶೀನಣ್ಣ

ಮಿತ್ರರೇ, ಬೀದಿಯಲ್ಲಿ ಕಂಡವರ ಮುಖದ ಫೋಟೋ ತೆಗೆಯುವ ಹುಡುಗಿ ಇವತ್ತು ಮತ್ತೆ ಕೋಟೆ ಹತ್ತಿರದ ನಮ್ಮ ಹೋಟೆಲಿನೆದುರು ಬಂದಿದ್ದಳು. ಹೋದ ತಿಂಗಳು ನಮ್ಮಲ್ಲಿ ದೋಸೆ ಹೊಯ್ಯುತ್ತಿದ್ದ ಶೀನಣ್ಣನ ಫೋಟೋ ತೆಗೆದಿದ್ದಳು. ಕೇಳದೆ ತೆಗೆದಳೆಂದು ನಾನೇ ಬೈದು ಅಳಿಸಿ ಹಾಕಿಸಿದ್ದೆ. ಮೊನ್ನೆ ಶೀನಣ್ಣ ತೀರಿಕೊಂಡ. ಹಾರ ಹಾಕಲು ಅವನ ಮನೆಯಲ್ಲಿ ಒಂದು ಫೋಟೋವೂ ಇಲ್ಲ.

“ಅವನದ್ದು ಒಂದಾದರೂ ಉಂಟಾ ಮಗಾ?” ಎಂದೆ.

“ನೀವೇ ಡಿಲೀಟ್ ಮಾಡಿಸಿದ್ರಲ್ಲ ಅಂಕಲ್. ಇದೊಂದೇ ಉಳಿದಿದೆ” ಎಂದು ಮೊಬೈಲಿನಲ್ಲಿ ತೋರಿಸಿದಳು.

ಬೈಯುತ್ತಿರುವ ನನ್ನ ಮುಖ, ಮೀಸೆಯ ಒಂದೊಂದು ಕೂದಲೂ ಸ್ಪಷ್ಟ. ಹಿಂದೆ ನಗುತ್ತಿರುವ ಶೀನಣ್ಣ ಪೂರಾ ಮಬ್ಬು.

“ಅವನನ್ನು ಸರಿ ಮಾಡಿ ಕೊಡು.”

“ಆಗಲ್ಲ ಅಂಕಲ್. ಫೋಕಸ್ ನಿಮ್ಮ ಮೇಲಿತ್ತು.”

ಅದನ್ನೇ ಅವನ ಹೆಂಡತಿಗೆ ಕಳಿಸಿದೆ. ನನ್ನ ಮುಖ ಕತ್ತರಿಸಿ ತೆಗೆಯಲು ಹೇಳಿದ್ದೇನೆ. ಈ ಸಿಡುಕು ಮೋರೆ ಹೇಗೂ ನಿಮಗೆಲ್ಲ ದಿನಾ ನೋಡಲು ಸಿಗುತ್ತದೆ.