ಅತ್ತೆಯ ನೋವನ್ನು ನಾನು ಕದ್ದದ್ದು

ನಮ್ಮ ಬೆಟಗೇರಿಯ ದೇವಾಲಯದ ಶಿಲುಬೆಯ ಮೇಲೆ ಯಾರೂ ಇಲ್ಲ, ಬರೀ ಎರಡು ಮರದ ತುಂಡು. ಭದ್ರಾವತಿಗೆ ಬಂದ ಮೊದಲ ಭಾನುವಾರ ಅತ್ತೆಯ ಹಿಂದೆ ಅವರ ಕ್ಯಾಥೊಲಿಕ್ ಚರ್ಚಿಗೆ ಹೋಗಿ ತಲೆ ಎತ್ತಿದೆ ನೋಡ್ರಿ, ಶಿಲುಬೆಯ ಮೇಲೆ ಆಳೆತ್ತರದ ಮನುಷ್ಯ! ಮೊಣಕಾಲಿನ ಚರ್ಮ ಕಿತ್ತುಹೋಗಿದೆ, ಪಕ್ಕೆಯಿಂದ ರಕ್ತ ಇಳಿದಿದೆ. "ಯವ್ವಾ!" ಎಂದು ಕೂಗಿಯೇಬಿಟ್ಟೆ. ಮುಂದಿನ ಸಾಲಿನ ಹೆಂಗಸರೆಲ್ಲ ತಿರುಗಿದರು. ಅತ್ತೆ ಮರಿಯಮ್ಮ ನನ್ನ ಮೊಣಕೈ ಹಿಡಿದು, "ಹೆದರ್ಕೋಬೇಡ ಮಾರಾಯ್ತಿ, ನಿಮ್ಮ ಯೇಸುನೇ. ನೀವು ಇಳಿಸಿಬಿಟ್ಟಿದೀರ, ನಾವಿನ್ನೂ ಇಳಿಸಿಲ್ಲ ಅಷ್ಟೇ" ಎಂದರು.

ಮದುವೆಯಾದ ಮೇಲೆ ನಾನೂ ಗಂಡ ಜೋಸೆಫನೂ ಎರಡು ವರ್ಷ ಹುಬ್ಬಳ್ಳಿಯಲ್ಲಿದ್ದೆವು. ನಾವು ಅಲ್ಲಿರುವಾಗಲೇ ಭಾವ ಅಂತೋಣಿ ಬೈಕ್ ಅಪಘಾತದಲ್ಲಿ ತೀರಿಕೊಂಡ, ಮಣ್ಣಿಗೆ ಜೋಸೆಫ್ ಒಬ್ಬನೇ ಬಂದಿದ್ದ. ಅದಾಗಿ ವರ್ಷದ ಮೇಲೆ ಅತ್ತೆಯ ಜೊತೆಗಿರಲು ಇಲ್ಲಿಗೆ ಬಂದೆವು. ಕಬ್ಬಿಣದ ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ನಮ್ಮ ಬೆಟಗೇರಿಯ ಓಣಿಯಲ್ಲಿ ಬೆಳಗಾದರೆ ಒಂದೇ ಭಾಷೆ. ಇಲ್ಲಿ ಎಡಗಡೆ ಮನೆಯವರು ತೆಲುಗಿನಲ್ಲಿ ಜಗಳ ಆಡುತ್ತಾರೆ, ಬಲಗಡೆಯವರು ತಮಿಳಿನಲ್ಲಿ ಸಮಾಧಾನ ಮಾಡುತ್ತಾರೆ, ಇಬ್ಬರೂ ನನ್ನ ಹತ್ತಿರ ಬಂದು ಕನ್ನಡದಲ್ಲಿ ದೂರುತ್ತಾರೆ. ನಾನು ರೊಟ್ಟಿ ಬಡಿದರೆ ಆ ಸಪ್ಪಳಕ್ಕೆ ಎಲ್ಲರೂ ಕಿಟಕಿಯಲ್ಲಿ ಇಣುಕುವವರೇ. ಶಿವಮೊಗ್ಗದ ವಿದ್ಯಾನಗರದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಕೆಲಸ ಸಿಕ್ಕಿತು. "ಬರ್ರಿ, ಕುಂದರ್ರಿ" ಎಂದರೆ ಪೇಷೆಂಟುಗಳು ಜ್ವರದಲ್ಲೂ ನಗುತ್ತಿದ್ದರು. ಸಂಜೆ ಬಸ್ಸಿನಲ್ಲಿ ಮಾತಾಡಲು ಒಬ್ಬರೂ ಇರುತ್ತಿರಲಿಲ್ಲ. ಆ ಒಂಟಿತನ ಯಾರಿಗೂ ಬೇಡ.

ಈಸ್ಟರಿಗೆ ಮುಂಚಿನ ನಲವತ್ತು ದಿನಗಳನ್ನು ಇವರು ತಪಸ್ಸುಕಾಲ ಎನ್ನುತ್ತಾರೆ. ಬೆಟಗೇರಿಯಲ್ಲಿ ನಾವೂ ಆಗ ಚಹಾನೋ ಮಾಂಸಾನೋ ಬಿಡುತ್ತೇವೆ. ಅತ್ತೆ ಬಿಟ್ಟದ್ದು ನೋವಿನ ಮಾತ್ರೆ. ಸವೆದುಹೋದ ಮೊಣಕಾಲು ಅವರದು, ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿಯಬೇಕು. ಅಂಥವರು ಶುಕ್ರವಾರ ಚರ್ಚಿನ ಸಿಮೆಂಟ್ ನೆಲದ ಮೇಲೆ ಮಂಡಿಯೂರಿ ಕೂತರೆ ನನಗೆ ನೋಡಲಾಗುತ್ತಿರಲಿಲ್ಲ.

"ಡಾಕ್ಟರ್ ಬರೆದುಕೊಟ್ಟಾರಲ್ರಿ ಅತ್ತಿ, ತಗೊಳ್ರಿ" ಎಂದೆ.

"ಒಪ್ಪುಕೊಡ್ತಿದೀನಿ ಸುಗುಣ. ನಡುವೆ ಬರಬೇಡ."

ಒಪ್ಪುಕೊಡುವುದು ಇವರ ಮನೆಮಾತು ತಮಿಳಿನಿಂದ ಬಂದದ್ದು. ನೋವನ್ನು ದೇವರ ಕೈಗೆ ಒಪ್ಪಿಸಿ, ಇದನ್ನು ಇಂಥವರ ಸಲುವಾಗಿ ತಗೋ ಎಂದು ಬೇಡುವುದು. ಕ್ರಿಸ್ತನು ಪಡಬೇಕಾದ್ದನ್ನೆಲ್ಲ ಪಟ್ಟು ಮುಗಿಸಿದ, ನಾವು ಕೂಡಿಸುವುದಕ್ಕೆ ಏನೂ ಉಳಿದಿಲ್ಲ ಎಂದು ಕೇಳಿ ಬೆಳೆದ ಪ್ರೊಟೆಸ್ಟಂಟ್ ಹುಡುಗಿ ನಾನು. ನನ್ನ ತಲೆಗೆ ಇದು ಹತ್ತಲಿಲ್ಲ. ತಂದೆಯಂಥ ದೇವರು ಮುದುಕಿಯ ಮಂಡಿನೋವು ಇಸಿದುಕೊಂಡು ಏನು ಮಾಡುತ್ತಾನೆ?

ಆಗ ನಾನು ಮಾಡಬಾರದ್ದನ್ನು ಮಾಡಿದೆ. ಮಾತ್ರೆಯನ್ನು ಚಮಚದ ಬೆನ್ನಿನಿಂದ ಪುಡಿ ಮಾಡಿ ಅತ್ತೆಯ ರಾಗಿ ಅಂಬಲಿಗೆ ಬೆರೆಸಿದೆ. ಮಜ್ಜಿಗೆ, ಈರುಳ್ಳಿ, ಹಸಿಮೆಣಸಿನಕಾಯಿ ಬಿದ್ದ ಮೇಲೆ ಕಹಿ ಎಲ್ಲಿ ಗೊತ್ತಾಗಬೇಕು! ಹೇಳದೆ ಕೇಳದೆ ಔಷಧಿ ಕೊಡಬಾರದೆಂದು ನರ್ಸಾದ ನನಗೆ ಯಾರೂ ಕಲಿಸಬೇಕಿರಲಿಲ್ಲ. ಆದರೂ ಐದು ದಿನ ಬೆರೆಸಿದೆ. ಪುಣ್ಯದ ಕೆಲಸ ಮಾಡುತ್ತಿದ್ದೇನೆ ಎಂಬ ಜಂಬ ಬೇರೆ.

ಆರನೇ ದಿನ ಡ್ಯೂಟಿ ಮುಗಿಸಿ ಬಂದರೆ ಅತ್ತೆ ಹೊಸ್ತಿಲ ಮೇಲೆ ಕೂತು ಅಳುತ್ತಿದ್ದಾರೆ.

"ನೋವು ನಿಂತೋಯ್ತು."

"ಚಲೋ ಆತಲ್ರಿ."

"ಏನ್ ಚಲೋನೇ? ದೇವರಿಗೆ ನನ್ನ ನೋವು ಬೇಡ್ವಂತೆ. ಅಂತೋಣಿಗೆ ಇನ್ನೇನು ಕೊಡ್ಲಿ ನಾನು?"

ಅವತ್ತೇ ನನಗೆ ಪೂರ್ತಿ ತಿಳಿದದ್ದು. ಸತ್ತ ದಿನ ಅಂತೋಣಿ ಕುಡಿದು ಬಂದಿದ್ದ. "ಹಾಳಾಗಿ ಹೋಗು, ಈ ಮನೆಗೆ ಬರಬೇಡ" ಎಂದು ಬೈದವರು ಅತ್ತೆ. ಅವನು ಬೈಕ್ ಹತ್ತಿ ಶಿವಮೊಗ್ಗದ ಕಡೆ ಹೋದವನು ತಿರುಗಿ ಬರಲಿಲ್ಲ. ಫಾದರ್ ಮುಂದೆ ಪಾಪನಿವೇದನೆ ಮಾಡದೆ ಸತ್ತವನು, ಸ್ವರ್ಗಕ್ಕೆ ಮುಂಚಿನ ಶುದ್ಧೀಕರಣದ ಬೆಂಕಿಯಲ್ಲಿ ಇನ್ನೂ ಬೇಯುತ್ತಿದ್ದಾನೆ ಎಂದು ಅವರ ನಂಬಿಕೆ. ತಮ್ಮ ಒಂದೊಂದು ದಿನದ ನೋವಿಗೆ ಅವನ ಬೆಂಕಿ ಅಷ್ಟಷ್ಟು ತಣ್ಣಗಾಗುತ್ತದೆ ಎಂದುಕೊಂಡಿದ್ದರು.

"ಅತ್ತಿ, ಅದು ದೇವರಲ್ರಿ. ನಾನು" ಎಂದು ಎಲ್ಲ ಹೇಳಿಬಿಟ್ಟೆ.

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಎಷ್ಟು ದಿನ?" ಎಂದರು.

"ಐದು."

"ಆ ಐದು ದಿನ ಅವನಿಗೆ ನೀನು ಕೊಡು."

"ನನಗೆಲ್ಲಿ ನೋವು ಐತ್ರಿ? ಗಟ್ಟಿಮುಟ್ಟಾಗೇ ಇದೀನಲ್ರಿ."

"ಇಲ್ವಾ? ಹುಬ್ಳಿನಲ್ಲಿ ಮಗು ಹೋಯ್ತಲ್ಲ, ಅದನ್ನ ಎಲ್ಲಿಟ್ಟಿದೀಯ?"

ಹೌದು, ಐದನೇ ತಿಂಗಳಲ್ಲಿ ಹೋಯಿತು. ಬೆಟಗೇರಿಯಿಂದ ನೀವೆಲ್ಲ ಬಂದು ನೋಡಿದಿರಿ, ದೇವರ ಚಿತ್ತ ಅಂದಿರಿ, ವಯಸ್ಸೈತಿ, ಇನ್ನೊಂದು ಆಗ್ತದ ಅಂದಿರಿ. ತಪ್ಪಂತ ಹೇಳುತ್ತಿಲ್ಲ. ನಾನೂ ತಲೆಯಾಡಿಸಿ ಮುಂದಿನ ವಾರವೇ ಡ್ಯೂಟಿಗೆ ಹೋದೆ. ಆಗಷ್ಟೇ ಮಗನನ್ನು ಮಣ್ಣು ಮಾಡಿದ್ದ ಅತ್ತೆ ಫೋನಿನಲ್ಲಿ ಕೇಳಿಸಿಕೊಂಡು ಸುಮ್ಮನಿದ್ದರು. ಈಗ ಅದನ್ನೇ ಕೊಡು ಎನ್ನುತ್ತಾರೆ! ಸಿಟ್ಟು ನೆತ್ತಿಗೇರಿತು.

"ಅದು ನಂದ್ರಿ! ಯಾಕ ಕೊಡ್ಲಿ?"

ಅತ್ತೆ ಮೆಲ್ಲಗೆ ಕೇಳಿದರು, "ಹೆಣ್ಣೋ, ಗಂಡೋ?"

"ಹೆಣ್ಣು."

"ಏನಂತ ಕರೀಬೇಕು ಅಂತಿದ್ದೆ?"

ಜೋಸೆಫನಿಗೂ ಹೇಳದ ಹೆಸರು ಅದು. ಹೇಳಿದೆ. ಹೇಳಿ, ಜೋರಾಗಿ ಅತ್ತುಬಿಟ್ಟೆ. ಅತ್ತೆಯೂ ಅತ್ತರು. ಅಂತೋಣಿಗೆ ಏನಾದರೂ ಕೊಟ್ಟೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ನೋವಿಗೆ ಅರ್ಥ ಇದೆಯೋ, ನಾವೇ ಅಂಟಿಸುತ್ತೇವೋ, ಅದೂ ಗೊತ್ತಿಲ್ಲ. ಬೆಟಗೇರಿಯ ಪಾಸ್ಟರನ್ನು ಕೇಳಿದರೆ ಒಂದು ಉತ್ತರ, ಇಲ್ಲಿಯ ಫಾದರನ್ನು ಕೇಳಿದರೆ ಇನ್ನೊಂದು. ಎರಡೂ ಕೇಳುವಷ್ಟು ಹೊತ್ತು ಸರಿಯೆನಿಸುತ್ತವೆ. ಅತ್ತೆ ಮಾತ್ರ ಈಸ್ಟರ್ ಮುಗಿಯುವವರೆಗೆ ಮಾತ್ರೆ ಮುಟ್ಟಲಿಲ್ಲ, ಅಂಬಲಿಯನ್ನೂ ತಾವೇ ಕಲಸಿಕೊಂಡರು.

ಅಂದಿನಿಂದ ಅವರ ಬೆಳಗಿನ ಪ್ರಾರ್ಥನೆಯಲ್ಲಿ ಅಂತೋಣಿಯ ಹೆಸರಾದ ಮೇಲೆ ನನ್ನ ಮಗಳ ಹೆಸರು ಬರುತ್ತದೆ. ಸತ್ತವರಿಗಾಗಿ ಪ್ರಾರ್ಥನೆ ಮಾಡುವವರಲ್ಲ ನಾವು. ಮೊನ್ನೆ ಊರಿಗೆ ಬಂದಾಗ ದೇವಾಲಯದಲ್ಲಿ ನಿಮ್ಮ ಸಾಲಿನಲ್ಲಿ ನಿಂತು ನಾನೂ ಬಾಯಿ ಮುಚ್ಚಿಕೊಂಡೇ ಇದ್ದೆ. ತಿರುಗಿ ಬಂದ ಮರುದಿನ ಅತ್ತೆಗೆ ಡಾಕ್ಟರ ಹತ್ತಿರ ಹೋಗುವ ಅವಸರ. ಅಂತೋಣಿಯ ಹೆಸರು ಹೇಳಿ, ಸೀದಾ ಆಮೆನ್ ಎನ್ನಲು ಹೊರಟರು.

ನಾನು ಅಡುಗೆಮನೆಯಿಂದ ಕೂಗಿದೆ, "ಅತ್ತಿ, ಕೃಪಾ!"